ಬೇರು ಬೆಟ್ಟದ್ದು, ಬೆಲೆ ಪೇಟೆಯದು

ಮುಂಗಾರು ಬಿರುಸುಗೊಂಡು ಕಾಳುಮೆಣಸಿನ ಬಳ್ಳಿಗೆ ಶೀಘ್ರ ಸೊರಗು ರೋಗ ತಗುಲಿದಾಗ ಮಲೆನಾಡಿನ ಬೆಳೆಗಾರರು ಬೋರ್ಡೋ ದ್ರಾವಣದ ಜೊತೆಗೆ ಮೆಟಲಾಕ್ಸಿಲ್ ಬೆರೆತ ಪುಡಿಯನ್ನೂ ಅರಸಿ ಹೋಗುತ್ತಾರೆ. ಆ ಶಿಲೀಂಧ್ರನಾಶಕವನ್ನು 1970ರ ದಶಕದಲ್ಲಿ ಮಾರುಕಟ್ಟೆಗೆ ತಂದದ್ದು ಸೀಬಾ-ಗೈಗಿ ಎಂಬ ಕಂಪನಿ. 1950ರ ದಶಕದಲ್ಲಿ ಮಲೇರಿಯಾ ನಿಯಂತ್ರಣಕ್ಕೆಂದು ಇದೇ ಸೀಮೆಯ ಮನೆಗೋಡೆಗಳಿಗೆ ಡಿಡಿಟಿ ಸಿಂಪಡಿಸಲಾಯಿತು. ಅದರ ಕೀಟನಾಶಕ ಗುಣವನ್ನು 1939ರಲ್ಲಿ ಕಂಡುಹಿಡಿದು 1948ರಲ್ಲಿ ನೊಬೆಲ್ ಪ್ರಶಸ್ತಿ ಪಡೆದ ಪಾಲ್ ಮುಲ್ಲರ್ ಗೈಗಿ ಕಂಪನಿಯ ರಸಾಯನಶಾಸ್ತ್ರಜ್ಞರಾಗಿದ್ದರು. ಘಟ್ಟದ ಕಾಡಿನ ನೆರಳಿನಲ್ಲಿಯೂ ಬೆಳೆಯುವ ಸರ್ಪಗಂಧದ ಬೇರಿನಿಂದ 1952ರಲ್ಲಿ ರೆಸರ್ಪಿನ್ ಎಂಬ ಸಾರವನ್ನು ಬೇರ್ಪಡಿಸಿದ್ದು ಸೀಬಾ ಕಂಪನಿಯ ಪ್ರಯೋಗಾಲಯ. ಈ ಮೂರರ ಮೂಲವೂ ಒಂದೇ ಊರು. ಅದು ಸ್ವಿಟ್ಜರ್ಲೆಂಡಿನ ಬಾಸೆಲ್.

ಬಾಸೆಲ್ ಮಹಾನಗರವಲ್ಲ. ಅದರ ಜನಸಂಖ್ಯೆ ಎರಡು ಲಕ್ಷಕ್ಕಿಂತ ಕಡಿಮೆ. ಶಿವಮೊಗ್ಗಕ್ಕಿಂತ ಚಿಕ್ಕ ಊರು. ರೈನ್ ನದಿ ಬಳುಕಿ ಉತ್ತರಕ್ಕೆ ತಿರುಗುವಲ್ಲಿ, ಸ್ವಿಟ್ಜರ್ಲೆಂಡ್, ಜರ್ಮನಿ, ಫ್ರಾನ್ಸ್ ಮೂರೂ ದೇಶಗಳು ಕೂಡುವ ಮೂಲೆಯಲ್ಲಿ ಅದು ನೆಲೆಸಿದೆ. ಜಗತ್ತಿನ ಅತಿದೊಡ್ಡ ಔಷಧ ಕಂಪನಿಗಳ ಸಾಲಿನಲ್ಲಿರುವ ರೋಶ್ ಮತ್ತು ನೊವಾರ್ಟಿಸ್ ಎರಡರ ಕೇಂದ್ರ ಕಚೇರಿಗಳೂ ಅಲ್ಲಿವೆ. ಬೀಜ ಮತ್ತು ಕೀಟನಾಶಕಗಳ ಸಿಂಜೆಂಟಾ 2000ದಲ್ಲಿ ರೂಪುಗೊಂಡು 2017ರಲ್ಲಿ ಚೀನಾದ ಒಡೆತನಕ್ಕೆ ಹೋದರೂ ಅದರ ಮುಖ್ಯ ಕಚೇರಿ ಬಾಸೆಲ್ ಬಿಟ್ಟು ಕದಲಲಿಲ್ಲ. 1460ರಲ್ಲಿ ಸ್ಥಾಪನೆಯಾದ ವಿಶ್ವವಿದ್ಯಾಲಯ ಅಲ್ಲಿದೆ. 1971ರಲ್ಲಿ ಆರಂಭವಾದ ಜೀವವಿಜ್ಞಾನ ಕೇಂದ್ರವಿದೆ. ವಂಶವಾಹಿಯನ್ನು ಕತ್ತರಿಸಬಲ್ಲ ಕಿಣ್ವಗಳ ಶೋಧಕ್ಕೆ 1978ರ ನೊಬೆಲ್ ಹಂಚಿಕೊಂಡ ವರ್ನರ್ ಆರ್ಬರ್ ಅಲ್ಲಿನ ಪ್ರಾಧ್ಯಾಪಕರಾಗಿದ್ದರು.

ದೂರದ ಈ ಊರಿನ ಕಥೆ ಬೆಟ್ಟದ ಹಳ್ಳಿಗಳಿಗೆ ಏಕೆ ಬೇಕು? ಕರ್ನಾಟಕ ಸರ್ಕಾರ ತನ್ನ ಮೊದಲ ಜೈವಿಕ ತಂತ್ರಜ್ಞಾನ ನೀತಿಯನ್ನು 2001ರಲ್ಲಿ ಪ್ರಕಟಿಸಿದ ಮೇಲೆ ಬೆಂಗಳೂರಿನಲ್ಲಿ ಆ ಉದ್ಯಮ ಹುಲುಸಾಗಿ ಬೆಳೆಯಿತು. ಈಗ ಬೆಂಗಳೂರಿನಾಚೆಯ ಊರುಗಳ ಸರದಿ. ಮೈಸೂರು, ಮಂಗಳೂರು, ಧಾರವಾಡದಂತಹ ಮಧ್ಯಮ ನಗರಗಳನ್ನು ಜೀವವಿಜ್ಞಾನದ ನೆಲೆಗಳಾಗಿಸುವ ಮಾತು ಮತ್ತೆ ಮತ್ತೆ ಕೇಳಿಬರುತ್ತಿದೆ. ಈ ನಗರಗಳ ಬೆನ್ನಿಗಿರುವುದು ಪಶ್ಚಿಮ ಘಟ್ಟ. ಬಾಸೆಲ್ ಏರಿದ ದಾರಿಯನ್ನು ಬಲ್ಲವರಿಗೆ, ಇಂತಹ ಊರಿಗೆ ಬೆಟ್ಟದಿಂದ ಏನು ಹೋಗುತ್ತದೆ, ಬೆಟ್ಟಕ್ಕೆ ಏನು ಮರಳುತ್ತದೆ ಎಂಬುದು ಮುಂಚಿತವಾಗಿಯೇ ಗೋಚರವಾದೀತು.

ಬಾಸೆಲ್‌ನ ಏಳಿಗೆ ಆರಂಭವಾದದ್ದು ಔಷಧದಿಂದಲ್ಲ, ಬಣ್ಣದಿಂದ. ಆ ಊರು ರೇಷ್ಮೆ ಪಟ್ಟಿಗಳ ನೇಯ್ಗೆಗೆ ಹೆಸರಾಗಿತ್ತು. ನೇಯ್ಗೆಗೆ ಬಣ್ಣ ಬೇಕು. 1859ರಲ್ಲಿ ಫ್ರಾನ್ಸ್ ಮೂಲದ ಅಲೆಕ್ಸಾಂಡರ್ ಕ್ಲಾವೆಲ್ ಎಂಬ ಬಣ್ಣಗಾರ ಫುಕ್ಸಿನ್ ಎಂಬ ಕಡುಗುಲಾಬಿ ರಾಸಾಯನಿಕ ಬಣ್ಣವನ್ನು ಅಲ್ಲಿ ತಯಾರಿಸತೊಡಗಿದ. ಫ್ರಾನ್ಸಿನಲ್ಲಿ ಆ ಬಣ್ಣಕ್ಕೆ ಪೇಟೆಂಟ್ ಇತ್ತು. ಸ್ವಿಟ್ಜರ್ಲೆಂಡಿನಲ್ಲಿ ಆಗ ಪೇಟೆಂಟ್ ಕಾನೂನೇ ಇರಲಿಲ್ಲ. 1888ರಲ್ಲಿ ಕಾನೂನು ಬಂದ ಬಳಿಕವೂ ರಾಸಾಯನಿಕ ತಯಾರಿಕಾ ವಿಧಾನಗಳು 1907ರವರೆಗೆ ಅದರ ಹೊರಗೇ ಉಳಿದವು. ಪರರು ಕಂಡುಹಿಡಿದದ್ದನ್ನು ನಿರಾತಂಕವಾಗಿ ನಕಲು ಮಾಡಿ, ಕಲಿತು, ಬಳಿಕ ಸ್ವಂತ ಶೋಧನೆಗೆ ತೊಡಗಿದ ಊರು ಅದು. ಬಣ್ಣದ ಕಾರ್ಖಾನೆಗಳೇ ಮುಂದೆ ಔಷಧ ಕಾರ್ಖಾನೆಗಳಾದವು. ಸೀಬಾ, ಗೈಗಿ, ಸ್ಯಾಂಡೋಜ್ ಮೂರೂ ಹೀಗೆ ಬೆಳೆದು, ಕಡೆಗೆ 1996ರಲ್ಲಿ ನೊವಾರ್ಟಿಸ್ ಎಂಬ ಹೆಸರಿನಲ್ಲಿ ಒಂದಾದವು.

ಅದೇ ನೊವಾರ್ಟಿಸ್ ರಕ್ತದ ಕ್ಯಾನ್ಸರಿನ ಗ್ಲಿವೆಕ್ ಔಷಧಕ್ಕೆ ಭಾರತದಲ್ಲಿ ಪೇಟೆಂಟ್ ಕೋರಿ ಸುಪ್ರೀಂ ಕೋರ್ಟಿನವರೆಗೆ ಹೋಯಿತು. 2013ರ ಏಪ್ರಿಲ್ 1ರಂದು ನ್ಯಾಯಾಲಯ ಆ ಕೋರಿಕೆಯನ್ನು ತಳ್ಳಿಹಾಕಿತು. ಜ್ಞಾನದ ಹೊಲಕ್ಕೆ ಬೇಲಿ ಇಲ್ಲದ ಕಾಲದಲ್ಲಿ ಮೇಯ್ದು ಬಲಿತವರು, ಬಲಿತ ಮೇಲೆ ಬೇಲಿ ಹಾಕಲು ಮುಂದಾಗುವುದು ಹೊಸ ಸಂಗತಿಯೇನಲ್ಲ. ಆದರೆ ಜ್ಞಾನಕ್ಕೆ ಬೆಲೆಯಿದೆ ಎನ್ನುವವರು, ಆ ಜ್ಞಾನಕ್ಕೆ ಆಧಾರವಾದ ಮಣ್ಣಿಗೂ ಬೇರಿಗೂ ಬೆಲೆ ಉಂಟೇ ಎಂಬ ಪ್ರಶ್ನೆಗೆ ಉತ್ತರಿಸಬೇಕಾಗುತ್ತದೆ.

ಮಣ್ಣಿನ ಕಥೆಯನ್ನೇ ನೋಡಬಹುದು. 1969ರಲ್ಲಿ ಸ್ಯಾಂಡೋಜ್ ಕಂಪನಿಯ ವಿಜ್ಞಾನಿಯೊಬ್ಬರು ರಜೆಯ ಮೇಲೆ ನಾರ್ವೆಗೆ ಹೋದಾಗ ಅಲ್ಲಿನ ಹಾರ್ಡಾಂಗರ್‌ವಿಡ್ಡ ಎಂಬ ಎತ್ತರದ ಪ್ರಸ್ಥಭೂಮಿಯಿಂದ ಒಂದಿಷ್ಟು ಮಣ್ಣನ್ನು ಚೀಲದಲ್ಲಿ ತುಂಬಿ ತಂದರು. ಆ ಮಣ್ಣಿನಲ್ಲಿದ್ದ ಒಂದು ಶಿಲೀಂಧ್ರದಿಂದ ಸೈಕ್ಲೋಸ್ಪೋರಿನ್ ದೊರೆಯಿತು. ಬದಲಿ ಮೂತ್ರಪಿಂಡವನ್ನೋ ಹೃದಯವನ್ನೋ ದೇಹ ತಿರಸ್ಕರಿಸದಂತೆ ತಡೆಯುವ ಈ ಔಷಧ 1983ರಲ್ಲಿ ಅಮೆರಿಕದಲ್ಲಿ ಅನುಮೋದನೆ ಪಡೆಯಿತು. ಅಂಗಾಂಗ ಕಸಿಯ ಚಿಕಿತ್ಸೆಯ ಸ್ವರೂಪವೇ ಬದಲಾಯಿತು. ಅಸಂಖ್ಯ ಜೀವಗಳು ಉಳಿದವು. ಕಂಪನಿಗೆ ಅಪಾರ ಲಾಭವೂ ಬಂತು. ಮಣ್ಣು ಕೊಟ್ಟ ನಾರ್ವೆಗೆ ಏನೂ ಬರಲಿಲ್ಲ. ಕೇಳಲು ಆಗ ಕಾನೂನೂ ಇರಲಿಲ್ಲ. ಜೀವವೈವಿಧ್ಯದ ಮೇಲೆ ಆಯಾ ದೇಶಕ್ಕೆ ಹಕ್ಕಿದೆ ಎಂದು ಸಾರಿದ ಅಂತರರಾಷ್ಟ್ರೀಯ ಒಪ್ಪಂದ ಆದದ್ದು 1992ರಲ್ಲಿ.

ಮಣ್ಣು ಒಂದು ಚೀಲ ಹೋದರೆ ಬೆಟ್ಟಕ್ಕೆ ನಷ್ಟವಿಲ್ಲ. ಬೇರಿನ ಮಾತು ಹಾಗಲ್ಲ. ಸರ್ಪಗಂಧದ ಬೇರನ್ನು ಈ ನೆಲದ ವೈದ್ಯರು ಶತಮಾನಗಳಿಂದ ಬಲ್ಲರು. ರಕ್ತದೊತ್ತಡದ ಮೇಲೆ ಅದರ ಪರಿಣಾಮವನ್ನು ಭಾರತೀಯ ವೈದ್ಯರು 1931ರಲ್ಲಿಯೇ ಪ್ರಕಟಿಸಿದ್ದರು. 1949ರಲ್ಲಿ ಮುಂಬಯಿಯ ಡಾ. ರುಸ್ತುಂ ಜಾಲ್ ವಕೀಲ್ ಬ್ರಿಟನ್ನಿನ ವೈದ್ಯಕೀಯ ಪತ್ರಿಕೆಯಲ್ಲಿ ಬರೆದ ಲೇಖನದಿಂದ ಪಾಶ್ಚಾತ್ಯ ಜಗತ್ತಿನ ಕಣ್ಣು ಅದರತ್ತ ಹೊರಳಿತು. ಬಾಸೆಲ್‌ನಲ್ಲಿ ರೆಸರ್ಪಿನ್ ಬೇರ್ಪಟ್ಟ ಮೇಲೆ ಬೇರಿಗೆ ಬೇಡಿಕೆ ಉಕ್ಕಿತು. ಎಲೆ ಕಿತ್ತರೆ ಗಿಡ ಚಿಗುರುತ್ತದೆ, ಬೇರು ಅಗೆದರೆ ಸಾಯುತ್ತದೆ. ಕಾಡಿನ ಸರ್ಪಗಂಧ ಎಷ್ಟು ವಿರಳವಾಯಿತೆಂದರೆ 1990ರಲ್ಲಿ ಅದನ್ನು ಅಳಿವಿನಂಚಿನ ಜೀವಿಗಳ ವ್ಯಾಪಾರವನ್ನು ನಿಯಂತ್ರಿಸುವ ಅಂತರರಾಷ್ಟ್ರೀಯ ಪಟ್ಟಿಗೆ ಸೇರಿಸಬೇಕಾಯಿತು. ಬೇರು ಅಗೆದವನಿಗೆ ಸಿಕ್ಕಿದ್ದು ದಿನಗೂಲಿ ಮಾತ್ರ.

ಇದು ಊರಿನ ಒಳಕ್ಕೆ ಹೋದದ್ದರ ಲೆಕ್ಕ. ಹೊರಕ್ಕೆ ಬಂದದ್ದರ ಲೆಕ್ಕ ಇನ್ನೂ ಕಠೋರವಾಗಿದೆ. 1864ರಲ್ಲಿ, ಅಂದರೆ ಬಣ್ಣದ ಉದ್ಯಮ ಆರಂಭವಾದ ಐದೇ ವರ್ಷಕ್ಕೆ, ಫುಕ್ಸಿನ್ ಕಾರ್ಖಾನೆಯ ನೆರೆಯ ಬಾವಿನೀರಿಗೆ ಆರ್ಸೆನಿಕ್ ವಿಷ ಇಳಿದು ಜನ ಕಾಯಿಲೆ ಬಿದ್ದರು. ಅಂತರ್ಜಲ ಕೆಟ್ಟಿತೆಂದು ಗೊತ್ತಾದಾಗ ತ್ಯಾಜ್ಯವನ್ನು ನದಿಗೆ ಬಿಡುವುದೇ ಪರಿಹಾರವೆನಿಸಿತು. ನದಿ ಕೆಳಕ್ಕೆ ಹರಿಯುತ್ತದೆ. ಕೆಳಗಿನವರು ಬೇರೆ ದೇಶದವರು. ನದಿಗೆ ಬಿಡಲಾಗದಷ್ಟು ತ್ಯಾಜ್ಯ ಸೇರಿದಾಗ ಹೊಂಡಗಳನ್ನು ಹುಡುಕಲಾಯಿತು.

ಹಾಗೆ ಸಿಕ್ಕ ಹೊಂಡಗಳಲ್ಲೊಂದು ಜುರಾ ಸೀಮೆಯ ಬಾನ್‌ಫೋಲ್ ಎಂಬ ಸಣ್ಣ ಹಳ್ಳಿಯಲ್ಲಿತ್ತು. ಬಾನ್‌ಫೋಲ್ ಕುಂಬಾರಿಕೆಗೆ ಪ್ರಸಿದ್ಧವಾದ ಊರು. ಮಡಕೆಗೆ ಮಣ್ಣು ತೆಗೆದ ಹೊಂಡವೇ 1961ರಿಂದ 1976ರವರೆಗೆ ಬಾಸೆಲ್‌ನ ರಾಸಾಯನಿಕ ಕಸಕ್ಕೆ ತೊಟ್ಟಿಯಾಯಿತು. ಅಲ್ಲಿ ಸುರಿದದ್ದು ಸುಮಾರು 1,14,000 ಟನ್. ಜೇಡಿಮಣ್ಣು ನೀರು ಬಿಡುವುದಿಲ್ಲ, ವಿಷ ಅಲ್ಲಿಯೇ ಇರುತ್ತದೆ ಎಂಬ ನಂಬಿಕೆಯಿತ್ತು. ಮಳೆನೀರು ಮೇಲಿನಿಂದ ಇಳಿದು ಹೊಂಡ ತುಂಬಿ, ವಿಷನೀರು ಹೊರಗೆ ಒಸರತೊಡಗಿತು. ಹಳ್ಳಿಯವರು, ಪ್ರಾಂತೀಯ ಸರ್ಕಾರ ಮತ್ತು ಪರಿಸರ ಹೋರಾಟಗಾರರ ಒತ್ತಡದ ಬಳಿಕ 2000ದಲ್ಲಿ ಕಂಪನಿಗಳು ಅದನ್ನು ಪೂರ್ತಿ ಅಗೆದು ತೆಗೆಯಲು ಒಪ್ಪಿದವು. 2010ರಲ್ಲಿ ಅಗೆತ ಆರಂಭವಾಗಿ 2016ರಲ್ಲಿ ಮುಗಿಯಿತು. ಇಡೀ ಕಾರ್ಯಕ್ಕೆ ತಗುಲಿದ ವೆಚ್ಚ ಸುಮಾರು 38 ಕೋಟಿ ಸ್ವಿಸ್ ಫ್ರಾಂಕ್. ಹದಿನೈದು ವರ್ಷ ಸುರಿದದ್ದನ್ನು ತೆಗೆಯಲು ನಾಲ್ಕು ದಶಕ ಕಾಯಬೇಕಾಯಿತು. ಕೆಳಗಿನ ನಗರದ ಕಸ ಮೇಲಿನ ಹಳ್ಳಿಗೆ ಬಾರದು ಎಂದು ನೆಮ್ಮದಿಯಿಂದಿರುವವರು ಬಾನ್‌ಫೋಲನ್ನು ನೆನೆಯಬೇಕು. ನೀರು ಬೆಟ್ಟ ಏರುವುದಿಲ್ಲ, ಲಾರಿ ಏರುತ್ತದೆ.

1986ರ ನವೆಂಬರ್ 1ರ ನಸುಕಿನಲ್ಲಿ ಬಾಸೆಲ್ ಬಳಿಯ ಸ್ಯಾಂಡೋಜ್ ಗೋದಾಮಿಗೆ ಬೆಂಕಿ ಬಿತ್ತು. ಒಳಗಿದ್ದದ್ದು ಸುಮಾರು 1,350 ಟನ್ ರಾಸಾಯನಿಕ, ಬಹುಪಾಲು ಕೀಟನಾಶಕ. ಬೆಂಕಿಗೆ ಎರಚಿದ ನೀರನ್ನು ಹಿಡಿದಿಡುವ ಕೊಳವೊಂದು ಅಲ್ಲಿರಲಿಲ್ಲ. ಅದು ನೇರವಾಗಿ ರೈನ್ ನದಿಗೆ ಹರಿಯಿತು. ನದಿ ಕೆಂಪಾಯಿತು. ಸುಮಾರು ಒಂದೂವರೆ ಲಕ್ಷ ಹಾವುಮೀನುಗಳು ಸತ್ತು ತೇಲಿದವು. ಜನ ಬೀದಿಗಿಳಿದರು. ಮರುವರ್ಷವೇ ರೈನ್ ತೀರದ ದೇಶಗಳು ಕೂಡಿ, 2000ದ ಹೊತ್ತಿಗೆ ಸಾಲ್ಮನ್ ಮೀನು ನದಿಗೆ ಮರಳಬೇಕೆಂಬ ಗುರಿಯಿಟ್ಟು ಕಾರ್ಯಕ್ರಮ ರೂಪಿಸಿದವು. ಕಾರ್ಖಾನೆಗಳು ಬೆಂಕಿನೀರಿನ ತಡೆಕೊಳಗಳನ್ನು ಕಟ್ಟಿದವು. ನದಿ ಗಣನೀಯವಾಗಿ ಚೇತರಿಸಿಕೊಂಡಿತು. ಅಪಾಯಕಾರಿ ತ್ಯಾಜ್ಯವನ್ನು ದೇಶದಿಂದ ದೇಶಕ್ಕೆ ಸಾಗಿಸುವುದನ್ನು ನಿಯಂತ್ರಿಸುವ 1989ರ ಒಪ್ಪಂದಕ್ಕೆ ಇದೇ ಬಾಸೆಲ್‌ನ ಹೆಸರಿದೆ.

ಆದ್ದರಿಂದ ಬಾಸೆಲ್‌ನ ಕಥೆಯಿಂದ ಹೊರಡುವ ಪಾಠ, ಜೀವವಿಜ್ಞಾನವೇ ಬೇಡ ಎಂಬುದಲ್ಲ. ಸೈಕ್ಲೋಸ್ಪೋರಿನ್ ಬೇಡ ಎನ್ನಲು ಯಾರಿಗೂ ನೈತಿಕ ಹಕ್ಕಿಲ್ಲ. ಮಲೆನಾಡಿನ ಕಾಲೇಜುಗಳಲ್ಲಿ ಸಸ್ಯಶಾಸ್ತ್ರ, ಜೀವರಸಾಯನಶಾಸ್ತ್ರ ಓದಿದ ಯುವಕ ಯುವತಿಯರಿಗೆ ಬೆಂಗಳೂರಿನ ಬಸ್ಸು ಹಿಡಿಯದೆ ಹತ್ತಿರದ ಊರಿನಲ್ಲಿಯೇ ಕೆಲಸ ಸಿಗುವುದಾದರೆ ಅದು ಸಣ್ಣ ಲಾಭವೂ ಅಲ್ಲ. ಬೆಲೆ ಕೊಡುವವರು ಯಾರು, ಅದನ್ನು ಮೊದಲೇ ಕೇಳಿದರೇ ಎಂಬುದಷ್ಟೇ ಪ್ರಶ್ನೆ. ಕೇಳಿದವರೂ ಇದ್ದಾರೆ. ಕೇರಳದ ಅಗಸ್ತ್ಯಮಲೆಯ ಕಾಣಿ ಬುಡಕಟ್ಟಿನವರು ತೋರಿಸಿಕೊಟ್ಟ ಆರೋಗ್ಯಪಚ್ಚ ಎಂಬ ಗಿಡದಿಂದ ಪಾಲೋಡಿನ ಸಸ್ಯೋದ್ಯಾನ ಸಂಶೋಧನಾ ಸಂಸ್ಥೆ 1990ರ ದಶಕದಲ್ಲಿ ‘ಜೀವನಿ’ ಔಷಧವನ್ನು ರೂಪಿಸಿ, ಪರವಾನಗಿ ಹಣದ ಅರ್ಧಪಾಲನ್ನು ಕಾಣಿ ಜನರ ಟ್ರಸ್ಟಿಗೆ ಕೊಟ್ಟಿತು. ಆ ಏರ್ಪಾಟಿನಲ್ಲಿ ಕೊರತೆಗಳಿದ್ದವು. ಆದರೂ ಗಿಡ ತೋರಿಸಿದವನಿಗೂ ಪಾಲಿದೆ ಎಂಬುದು ಪಶ್ಚಿಮ ಘಟ್ಟದಲ್ಲಿಯೇ ಸಾಧ್ಯವಾಗಿ ತೋರಿದ ಮಾತು.

ಕಾನೂನು ಹಳ್ಳಿಗಳ ಕೈಯಲ್ಲಿ ಒಂದು ಸಾಧನವನ್ನಿಟ್ಟಿದೆ. 2002ರ ಜೀವವೈವಿಧ್ಯ ಕಾಯಿದೆಯಂತೆ ಪ್ರತಿ ಸ್ಥಳೀಯ ಸಂಸ್ಥೆಯಲ್ಲಿಯೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು. ಅದು ಜನತಾ ಜೀವವೈವಿಧ್ಯ ದಾಖಲಾತಿಯನ್ನು ಸಿದ್ಧಪಡಿಸಬೇಕು. ವ್ಯಾಪಾರಕ್ಕಾಗಿ ಜೀವಸಂಪತ್ತನ್ನು ಒಯ್ಯುವವರಿಂದ ಶುಲ್ಕ ವಸೂಲು ಮಾಡುವ ಅಧಿಕಾರವೂ ಅದಕ್ಕಿದೆ. ದೇಶೀಯ ಕಂಪನಿಗಳೂ ಲಾಭದಲ್ಲಿ ಪಾಲು ಕೊಡಬೇಕೆಂದು ಉತ್ತರಾಖಂಡ ಹೈಕೋರ್ಟ್ 2018ರಲ್ಲಿ ತೀರ್ಪಿತ್ತಿತು. 2023ರ ತಿದ್ದುಪಡಿ ಆಯುಷ್ ವೈದ್ಯರು, ಗ್ರಂಥಸ್ಥ ಪಾರಂಪರಿಕ ಜ್ಞಾನ ಮೊದಲಾದವುಗಳಿಗೆ ವಿನಾಯಿತಿ ನೀಡಿ ಈ ಹಿಡಿತವನ್ನು ಸಡಿಲಗೊಳಿಸಿದೆ. ಹಿಡಿತ ಸಡಿಲವಾದಷ್ಟೂ ದಾಖಲೆ ಬಿಗಿಯಾಗಬೇಕು. ಸಮಿತಿ ಕಾಗದದ ಮೇಲಷ್ಟೇ ಇದ್ದು, ದಾಖಲಾತಿ ಪುಸ್ತಕ ಪಂಚಾಯಿತಿಯ ಬೀರುವಿನಲ್ಲಿ ಧೂಳು ತಿನ್ನುತ್ತಿದ್ದರೆ, ಬೇರು ಒಯ್ಯುವವರನ್ನು ತಡೆದು ಕೇಳಲು ಊರಿಗೆ ಆಧಾರವೇ ಇರುವುದಿಲ್ಲ.

ಈ ಕೆಲಸ ವಿದ್ಯಾರ್ಥಿಗಳಿಂದ ಆರಂಭವಾಗಬಹುದು. ಅಜ್ಜಿ ಬಲ್ಲ ಬೇರು ಯಾವುದು, ಅದು ಯಾವ ಕಾನಿನಲ್ಲಿದೆ, ಹತ್ತು ವರ್ಷದ ಹಿಂದೆ ಎಷ್ಟಿತ್ತು, ಈಗ ಎಷ್ಟಿದೆ, ಒಯ್ಯುವವರು ಯಾರು ಎಂದು ಬರೆದಿಡಲು ಪ್ರಯೋಗಾಲಯ ಬೇಕಿಲ್ಲ. ಹತ್ತಿರದ ನಗರದಲ್ಲಿ ಹೊಸ ಸಂಶೋಧನಾ ವಲಯವೊಂದು ಘೋಷಣೆಯಾದ ದಿನ ಗ್ರಾಮಸಭೆ ಕೇಳಬೇಕಾದದ್ದು ಇಷ್ಟೇ: ಇಲ್ಲಿಂದ ಏನು ಒಯ್ಯುತ್ತೀರಿ, ಎಷ್ಟು ಪಾಲು ಕೊಡುತ್ತೀರಿ, ಕಸವನ್ನು ಎಲ್ಲಿ ಹಾಕುತ್ತೀರಿ? ಮೂರನ್ನೂ ಲಿಖಿತ ಉತ್ತರದೊಡನೆ, ಶಂಕುಸ್ಥಾಪನೆಗೆ ಮೊದಲು ಕೇಳಬೇಕು. ಬಾನ್‌ಫೋಲಿನ ಕುಂಬಾರರ ಊರಿಗೆ ಆ ಉತ್ತರ ದೊರೆತದ್ದು ಹೊಂಡ ತುಂಬಿದ ಮೇಲೆ.