ರ‍್ಯಾಮ್ ಕೊಳ್ಳುವ ಮುನ್ನ

‘ಕಂಪ್ಯೂಟರ್ ತೀರಾ ನಿಧಾನ, ಹೊಸದು ಕೊಡಿಸಿ’ ಎಂಬ ಮಕ್ಕಳ ಬೇಡಿಕೆ ಅನೇಕ ಮನೆಗಳಲ್ಲಿ ಕೇಳಿಬರುತ್ತದೆ. ಹೊಸ ಯಂತ್ರಕ್ಕೆ ಹತ್ತಾರು ಸಾವಿರ ರೂಪಾಯಿ ಬೇಕು. ಆದರೆ ಎಷ್ಟೋ ಸಂದರ್ಭಗಳಲ್ಲಿ ಯಂತ್ರ ಸೋತಿರುವುದಿಲ್ಲ. ಅದರ ಸ್ಮರಣಕೋಶ ಸಾಲದಾಗಿರುತ್ತದೆ, ಅಷ್ಟೆ. ಇನ್ನೊಂದು ರ‍್ಯಾಮ್ ಪಟ್ಟಿ ಸೇರಿಸಿದರೆ ಅದೇ ಯಂತ್ರ ಮತ್ತೆ ಕೆಲವು ವರ್ಷ ದುಡಿದೀತು. ತೊಡಕು ಇರುವುದು ಇಲ್ಲಿ: ಎಲ್ಲ ರ‍್ಯಾಮ್ ಪಟ್ಟಿಗಳೂ ಎಲ್ಲ ಮದರ್‌ಬೋರ್ಡ್‌ಗಳಿಗೂ ಹೊಂದುವುದಿಲ್ಲ.

ಕೊರತೆ ನಿಜವಾಗಿಯೂ ರ‍್ಯಾಮಿನದೇ ಎಂಬುದನ್ನು ಮೊದಲು ತಿಳಿಯಬೇಕು. ವಿಂಡೋಸ್ ಯಂತ್ರದಲ್ಲಿ ದಿನನಿತ್ಯದ ಕೆಲಸಗಳನ್ನೆಲ್ಲ ತೆರೆದಿಟ್ಟು, ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಟಾಸ್ಕ್ ಮ್ಯಾನೇಜರ್ ಕಾಣುತ್ತದೆ. ಅದರ ‘ಮೆಮೊರಿ’ ಭಾಗದಲ್ಲಿ ರ‍್ಯಾಮ್ ಬಹುತೇಕ ತುಂಬಿದ್ದರೆ ಹೆಚ್ಚಿಸುವುದರಲ್ಲಿ ಅರ್ಥವಿದೆ. ಅರ್ಧವೂ ಬಳಕೆಯಾಗಿರದಿದ್ದರೆ ದೋಷ ಹಾರ್ಡ್ ಡಿಸ್ಕಿನಲ್ಲೋ ಬೇರೆಲ್ಲೋ ಇದೆ. ರ‍್ಯಾಮಿಗೆ ಹಾಕಿದ ಹಣ ವ್ಯರ್ಥ.

ಎರಡನೆಯದು ತಲೆಮಾರು. ಡಿಡಿಆರ್2, ಡಿಡಿಆರ್3, ಡಿಡಿಆರ್4, ಡಿಡಿಆರ್5 ಎಂಬಿವು ಒಂದರ ಜಾಗದಲ್ಲಿ ಇನ್ನೊಂದು ಕೂರುವಂಥವಲ್ಲ. ಡಿಡಿಆರ್2 ಪಟ್ಟಿಗೆ 1.8 ವೋಲ್ಟ್ ಬೇಕು, ಡಿಡಿಆರ್3ಕ್ಕೆ 1.5, ಡಿಡಿಆರ್4ಕ್ಕೆ 1.2, ಡಿಡಿಆರ್5ಕ್ಕೆ 1.1 ಸಾಕು. ಡೆಸ್ಕ್‌ಟಾಪ್ ಯಂತ್ರಗಳ ಡಿಡಿಆರ್4, ಡಿಡಿಆರ್5 ಎರಡಕ್ಕೂ 288 ಪಿನ್‌ಗಳಿದ್ದರೂ ಪಟ್ಟಿಯ ಅಂಚಿನ ಕಚ್ಚು ಬೇರೆ ಬೇರೆ ಜಾಗದಲ್ಲಿದೆ. ತಪ್ಪು ಪಟ್ಟಿ ಕೂರಬಾರದೆಂದೇ ಈ ಏರ್ಪಾಡು. ಕೂರದ್ದನ್ನು ಬಲವಂತವಾಗಿ ಒತ್ತಿದರೆ ಮದರ್‌ಬೋರ್ಡೇ ಹಾಳಾದೀತು. 2021ರಲ್ಲಿ ಬಂದ ಇಂಟೆಲ್‌ನ 12ನೇ ಪೀಳಿಗೆಯ ಪ್ರೊಸೆಸರ್‌ಗಳು ಎರಡು ಬಗೆಯ ರ‍್ಯಾಮನ್ನೂ ಒಪ್ಪುತ್ತವೆ. ಆದರೆ ಬೋರ್ಡ್ ಸಾಮಾನ್ಯವಾಗಿ ಯಾವುದಾದರೂ ಒಂದನ್ನು ಮಾತ್ರ. ಹೀಗಾಗಿ ಪ್ರೊಸೆಸರಿನ ಹೆಸರು ಹೇಳಿ ರ‍್ಯಾಮ್ ಕೇಳಿದರೆ ಸಾಲದು, ಬೋರ್ಡಿನ ಮಾದರಿ ಸಂಖ್ಯೆಯೇ ಬೇಕು.

ಮೂರನೆಯದು ಆಕಾರ. ಡೆಸ್ಕ್‌ಟಾಪ್ ಪಟ್ಟಿಯ ಉದ್ದ ಸುಮಾರು 13 ಸೆಂಟಿಮೀಟರ್. ಲ್ಯಾಪ್‌ಟಾಪಿನದು ಅದರ ಅರ್ಧದಷ್ಟು. ಕೆಲವು ತೆಳು ಲ್ಯಾಪ್‌ಟಾಪ್‌ಗಳಲ್ಲಿ ರ‍್ಯಾಮನ್ನು ಬೋರ್ಡಿಗೇ ಬೆಸೆದಿರುತ್ತಾರೆ. ಅಂಥವಕ್ಕೆ ಹೊಸದನ್ನು ಸೇರಿಸಲು ಜಾಗವೇ ಇರದಿರಬಹುದು.

ನಾಲ್ಕನೆಯದು ಮಿತಿ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಮಾತು ಇಲ್ಲಿಯೂ ಸಲ್ಲುತ್ತದೆ. 2011ರಲ್ಲಿ ಬಂದ ಎಚ್61 ಚಿಪ್‌ಸೆಟ್‌ನ ಬೋರ್ಡ್‌ಗಳಿಗೆ 16 ಗಿಗಾಬೈಟೇ ಗರಿಷ್ಠ. ಇನ್ನು 32 ಬಿಟ್ ವಿಂಡೋಸ್ ಇದ್ದರೆ 2ರ 32ನೇ ಘಾತದಷ್ಟು, ಅಂದರೆ 4 ಗಿಗಾಬೈಟ್‌ಗಿಂತ ಹೆಚ್ಚು ವಿಳಾಸಗಳು ಸಿಗುವುದಿಲ್ಲ. ಅದಕ್ಕೂ ಮೇಲೆ ಕೊಂಡದ್ದು ಬರಿದೇ ಕೂರುತ್ತದೆ.

ಹಳೆಯ ಪಟ್ಟಿಯ ಮೇಲಿನ ಚೀಟಿ ಓದಲು ಕಲಿತರೆ ಅರ್ಧ ಕೆಲಸ ಮುಗಿದಂತೆ. ‘ಪಿಸಿ3-12800ಯು’ ಎಂದಿದೆ ಎನ್ನೋಣ. ‘ಪಿಸಿ3’ ಎಂದರೆ ಡಿಡಿಆರ್3. 12800 ಎಂಬುದು ಸೆಕೆಂಡಿಗೆ ಸಾಗುವ ಮೆಗಾಬೈಟ್‌ಗಳು. ಪ್ರತಿ ಸಲವೂ 64 ಬಿಟ್, ಅಂದರೆ 8 ಬೈಟ್ ಸಾಗುವುದರಿಂದ 8ರಿಂದ ಭಾಗಿಸಿದರೆ 1600 ಎಂಬ ವೇಗ ಸಿಗುತ್ತದೆ. ಕೊನೆಯ ‘ಯು’ ಅಕ್ಷರ ಸಾಮಾನ್ಯ ಡೆಸ್ಕ್‌ಟಾಪಿನದು, ‘ಎಸ್’ ಲ್ಯಾಪ್‌ಟಾಪಿನದು, ‘ಆರ್’ ದೊಡ್ಡ ಸರ್ವರ್ ಯಂತ್ರಗಳದು. ಹಳೆಯ ಸಾಮಾನಿನ ಮಾರುಕಟ್ಟೆಯಲ್ಲಿ ‘ಆರ್’ ಪಟ್ಟಿಗಳು ಅಗ್ಗವಾಗಿ ಕಂಡು ಆಸೆ ಹುಟ್ಟಿಸುತ್ತವೆ. ಮನೆಯ ಯಂತ್ರದ ಕಿಂಡಿಯಲ್ಲಿ ಅವು ಸಲೀಸಾಗಿ ಕೂರುತ್ತವೆ. ಯಂತ್ರ ಮಾತ್ರ ಶುರುವಾಗುವುದಿಲ್ಲ. ‘ಪಿಸಿ3ಎಲ್’ ಎಂದಿದ್ದರೆ ಅದು 1.35 ವೋಲ್ಟಿನದು. ಅದೇ ವೋಲ್ಟೇಜನ್ನು ಬೇಡುವ ಲ್ಯಾಪ್‌ಟಾಪ್‌ಗೆ 1.5 ವೋಲ್ಟಿನ ಪಟ್ಟಿ ತರಬಾರದು.

ವೇಗ ಹೊಂದದಿದ್ದರೆ ಗಾಬರಿ ಬೇಡ. ಒಂದೇ ತಲೆಮಾರಿನ ಎರಡು ಪಟ್ಟಿಗಳ ವೇಗ ಬೇರೆಯಾಗಿದ್ದರೆ ಸಾಮಾನ್ಯವಾಗಿ ಎರಡೂ ಕಡಿಮೆ ವೇಗಕ್ಕೆ ಇಳಿದು ಜೊತೆಗೂಡುತ್ತವೆ. ಆದರೂ ಒಂದೇ ಗಾತ್ರದ, ಒಂದೇ ವೇಗದ ಜೋಡಿ ಉತ್ತಮ.

ಅಂಗಡಿಗೆ ಹೋಗುವಾಗ ಒಂದು ಚೀಟಿಯಲ್ಲಿ ಬೋರ್ಡಿನ ಮಾದರಿ ಸಂಖ್ಯೆ, ಹಳೆಯ ಪಟ್ಟಿಯ ಬರಹ, ಖಾಲಿ ಕಿಂಡಿಗಳ ಸಂಖ್ಯೆ, ಬೋರ್ಡಿನ ಗರಿಷ್ಠ ಮಿತಿ ಇವಿಷ್ಟನ್ನು ಬರೆದುಕೊಳ್ಳಬೇಕು. ಕೊನೆಯದು ಬೋರ್ಡಿನ ಕೈಪಿಡಿಯಲ್ಲಿ, ಇಲ್ಲವೇ ತಯಾರಕರ ಜಾಲತಾಣದಲ್ಲಿ ಸಿಗುತ್ತದೆ. ಸಾಧ್ಯವಾದರೆ ಹಳೆಯ ಪಟ್ಟಿಯನ್ನೇ ಒಯ್ಯುವುದು ಒಳ್ಳೆಯದು. ಹೊಂದದಿದ್ದರೆ ಬದಲಿಸಿ ಕೊಡುವಿರಾ ಎಂದು ಕೇಳಿ, ರಸೀದಿ ಪಡೆಯಬೇಕು. ಈ ಚೀಟಿ ಬರೆಯುವ ಕೆಲಸವನ್ನು ಹೊಸ ಯಂತ್ರ ಬೇಡಿದ ಮಗನಿಗೋ ಮಗಳಿಗೋ ಒಪ್ಪಿಸಿದರೆ ಮನೆಯ ಹಣವೂ ಉಳಿದೀತು, ಪಾಠವೂ ಆದೀತು.