ದುಡಿಯುವ ಸ್ನಾಯು ಕಳುಹುವ ಓಲೆ

ಎಲುಬನ್ನೆಳೆದು ಆಡಿಸುವ ಹಗ್ಗವೆಂದಷ್ಟೇ ಸ್ನಾಯುವನ್ನು ಬಹುಕಾಲ ಎಣಿಸಲಾಗಿತ್ತು. ದುಡಿಯುವ ಸ್ನಾಯು ರಕ್ತಕ್ಕೆ ಏನನ್ನೋ ಬೆರೆಸುತ್ತಿರಬೇಕೆಂದು ೧೯೬೧ರಲ್ಲಿಯೇ ಗೋಲ್ಡ್‌ಸ್ಟೀನ್ ಎಂಬ ವಿಜ್ಞಾನಿ ವಾದಿಸಿದ್ದರು; ಅಂಥದೊಂದು ವಸ್ತು ಕೈಗೆ ಸಿಕ್ಕಲು ಸುಮಾರು ನಾಲ್ವತ್ತು ವರ್ಷಗಳು ಹಿಡಿದವು. ಅದೇ ಇಂಟರ್‌ಲ್ಯೂಕಿನ್-೬. ವೈದ್ಯರು ಅದನ್ನು ಉರಿಯೂತದ ಬಂಟನೆಂದೇ ಬಲ್ಲವರು. ವ್ಯಾಯಾಮನಿರತವಾದ ಕಾಲಿನ ಸ್ನಾಯುವೂ ಅದನ್ನು ಸ್ರವಿಸುವುದೆಂದು ಕೋಪನ್‌ಹೇಗನ್ನಿನ ಬೆಂಟೆ ಪೆಡರ್ಸನ್ ಮತ್ತು ಸಂಗಡಿಗರು ೨೦೦೦ದಲ್ಲಿ ತೋರಿಸಿದರು. ಇಂಥ ಸ್ರಾವಗಳಿಗೆ ಮುಂದೆ ‘ಮಯೋಕೈನ್’ ಎಂಬ ಹೆಸರಾಯಿತು.

ಸ್ನಾಯುವಿನಲ್ಲಿ ಕೂಡಿಟ್ಟ ಗ್ಲೈಕೊಜನ್ ತಗ್ಗಿದಷ್ಟೂ ಈ ಓಲೆಯ ರವಾನೆ ಹೆಚ್ಚು. ಶರೀರದ ಕೊಬ್ಬಿನ ಉಗ್ರಾಣ ಬಾಗಿಲು ತೆರೆಯುವುದು ಇದನ್ನು ಓದಿಯೇ ಎಂಬುದಕ್ಕೆ ೨೦೧೯ರ ಪ್ರಯೋಗವೊಂದು ಸಾಕ್ಷಿ. ಬೊಜ್ಜುಹೊಟ್ಟೆಯವರು ಹನ್ನೆರಡು ವಾರ ಸೈಕಲ್ ತುಳಿದರು. ಅವರಲ್ಲಿ ಕೆಲವರಿಗೆ, ಇಂಟರ್‌ಲ್ಯೂಕಿನ್-೬ರ ಕೆಲಸವನ್ನು ತಡೆಯುವ ಸಂಧಿವಾತದ ಔಷಧಿಯನ್ನು ಕೊಡಲಾಯಿತು. ಔಷಧಿಯಿಲ್ಲದವರ ಕರುಳ ಸುತ್ತಲಿನ ಕೊಬ್ಬು ಕರಗಿತು. ಔಷಧಿ ಪಡೆದವರದು ಕರಗಲೇ ಇಲ್ಲ. ಪಾಪ, ಬೆವರು ಸುರಿಸಿದ್ದು ಮಾತ್ರ ಇಬ್ಬರೂ! ಮಧುಮೇಹ, ಹೃದ್ರೋಗಗಳೊಡನೆ ನಿಕಟ ನಂಟುಳ್ಳದ್ದು ಈ ಒಳಗೊಬ್ಬೇ.

೨೦೧೨ರಲ್ಲಿ ಭಾರಿ ಸದ್ದು ಮಾಡಿದ ‘ಐರಿಸಿನ್’ ಎಂಬ ಮತ್ತೊಂದು ಸ್ರಾವಕ್ಕೆ ಗ್ರೀಕರ ದೂತದೇವತೆ ಐರಿಸಳ ಹೆಸರನ್ನೇ ಇಟ್ಟರು. ಇಲಿಗಳಲ್ಲಿ ಕಂಡ ಅದರ ಮಹಿಮೆ ಮನುಷ್ಯರಲ್ಲಿ ಎಷ್ಟರಮಟ್ಟಿಗೆ ನಿಜವೆಂಬ ವಾದ ಇನ್ನೂ ತೀರಿಲ್ಲ.