ಅತಿಥಿಯಾಗಿದ್ದ ಪ್ರಯೋಗಶಾಲೆ

ವಿಶ್ವಕಿರಣಗಳ ಮಳೆ ಹಗಲಿರುಳೂ ನಮ್ಮ ಮೇಲೆ ಸುರಿಯುತ್ತಿದೆ. ಅರಸೀಕೆರೆಯ ತೆಂಗಿನ ತೋಟದಲ್ಲಿ ನಿಂತವನ ಅಂಗೈಯನ್ನೂ ಅವುಗಳಿಂದ ಹುಟ್ಟಿದ ಮ್ಯೂಆನ್ ಕಣಗಳು, ಚದರ ಸೆಂಟಿಮೀಟರಿಗೆ ನಿಮಿಷಕ್ಕೆ ಸುಮಾರು ಒಂದರಂತೆ, ಹಾದುಹೋಗುತ್ತವೆ. ಈ ಗದ್ದಲದಲ್ಲಿ ನ್ಯೂಟ್ರಿನೋವಿನ ಸುಳಿವನ್ನು ಹಿಡಿಯುವುದು ಸಂತೆಯಲ್ಲಿ ಪಿಸುಮಾತನ್ನು ಆಲಿಸಿದಂತೆ. ಆದುದರಿಂದಲೇ ವಿಜ್ಞಾನಿಯು ಭೂಗರ್ಭವನ್ನು ಹೊಗಬೇಕಾಗುತ್ತದೆ. ಬಂಡೆಯು ಮ್ಯೂಆನ್‌ಗಳನ್ನು ತಡೆಯುತ್ತದೆ, ನ್ಯೂಟ್ರಿನೋಗಳನ್ನು ತಡೆಯಲಾರದು.

ಈ ಕಾರ್ಯದಲ್ಲಿ ನಮ್ಮ ಕೋಲಾರದ ಚಿನ್ನದ ಗಣಿಯೇ ಮೇಲ್ಪಂಕ್ತಿ. ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ಬಿ. ವಿ. ಶ್ರೀಕಂಠನ್, ನಂಜನಗೂಡಿನಲ್ಲಿ ಜನಿಸಿದವರು, 1951ರಲ್ಲಿ ಅಲ್ಲಿ ಮ್ಯೂಆನ್‌ಗಳ ಅಳತೆಯನ್ನು ಆರಂಭಿಸಿದರು. ಒಂದು ದಶಕದ ತರುವಾಯ, ಗಣಿಯ ಅತ್ಯಂತ ಆಳದಲ್ಲಿ ಸುಮಾರು ಎರಡು ತಿಂಗಳು ಕಾದರೂ ಉಪಕರಣದಲ್ಲಿ ಒಂದೇ ಒಂದು ಮ್ಯೂಆನ್ ದಾಖಲಾಗಲಿಲ್ಲ. ಈ ನಿಶ್ಶಬ್ದವೇ ಶುಭವಾರ್ತೆಯಾಯಿತು. 1965ರಲ್ಲಿ, ಸುಮಾರು 2300 ಮೀಟರ್ ಆಳದಲ್ಲಿ, ಜಪಾನಿನ ಒಸಾಕಾ ಮತ್ತು ಇಂಗ್ಲೆಂಡಿನ ಡರ್ಹಮ್ ವಿದ್ವಾಂಸರೊಡಗೂಡಿ ನಮ್ಮವರು ವಾಯುಮಂಡಲದಲ್ಲಿ ಹುಟ್ಟಿದ ನ್ಯೂಟ್ರಿನೋಗಳ ಗುರುತನ್ನು ಕಂಡರು. ಅದೇ ವರ್ಷ ದಕ್ಷಿಣ ಆಫ್ರಿಕದ ಚಿನ್ನದ ಗಣಿಯೊಂದರಲ್ಲಿಯೂ ಅವು ಪತ್ತೆಯಾದವು. 1980ರಿಂದ ಪ್ರೋಟಾನಿನ ಕ್ಷಯವನ್ನು ಅರಸುವ ಪ್ರಯೋಗವೂ ಕೋಲಾರದಲ್ಲಿ ನಡೆಯಿತು.

ಇಷ್ಟೆಲ್ಲ ಸಾಧ್ಯವಾದುದು ಯಾರಿಂದ? ಬಂಡೆಯೇ ಬಿಸಿಯಾಗಿರುವ ಆಳದಲ್ಲಿ, ಬಂಡೆ ಸಿಡಿಯುವ ಭಯದ ನಡುವೆ ದುಡಿದ ಗಣಿಕಾರ್ಮಿಕರಿಂದ. ಅವರು ಕೊರೆದ ದಾರಿ, ಅವರನ್ನು ಇಳಿಸಿದ ತೊಟ್ಟಿಲು, ಅವರಿಗಾಗಿ ಬೀಸಿದ ಗಾಳಿ, ಇವೆಲ್ಲವೂ ವಿಜ್ಞಾನಕ್ಕೆ ಎರವಲು ದೊರೆತವು. ಪ್ರಯೋಗಶಾಲೆ ಅಲ್ಲಿ ಅತಿಥಿ, ಆತಿಥೇಯನು ಚಿನ್ನ. ಚಿನ್ನ ಲಾಭದಾಯಕವಲ್ಲದಾದಾಗ 1990ರ ದಶಕದ ಆರಂಭದಲ್ಲಿ ಪ್ರಯೋಗಗಳು ನಿಂತವು. 2001ರಲ್ಲಿ ಗಣಿಯೂ ಮುಚ್ಚಿತು. ಭೌತಶಾಸ್ತ್ರದ ಪ್ರಶ್ನೆಗಳು ಮಾತ್ರ ಮುಗಿದಿರಲಿಲ್ಲ.

ಇಟಲಿಯು ಗ್ರಾನ್ ಸಾಸೊ ಪರ್ವತದಡಿ, ಹೆದ್ದಾರಿಯ ಸುರಂಗದ ಪಕ್ಕದಲ್ಲಿ, ಸಂಶೋಧನೆಗೆಂದೇ ವಿಶಾಲವಾದ ಸಭಾಂಗಣಗಳನ್ನು ಕೊರೆಯಿತು. ವಾಹನದಲ್ಲಿ ಕುಳಿತೇ ಅಲ್ಲಿಗೆ ಹೋಗಬಹುದು. ಅಂಥ ಸ್ವಂತ ಮನೆಯನ್ನು ತಮಿಳುನಾಡಿನ ತೇಣಿ ಜಿಲ್ಲೆಯಲ್ಲಿ ಕಟ್ಟಲು ನಮ್ಮ ಕೇಂದ್ರ ಸರ್ಕಾರ 2015ರಲ್ಲಿ ಒಪ್ಪಿಗೆಯಿತ್ತರೂ, ಪರಿಸರದ ಆಕ್ಷೇಪಣೆ ಹಾಗೂ ವ್ಯಾಜ್ಯಗಳಲ್ಲಿ ಕಾರ್ಯ ಸಿಲುಕಿತು. ಆ ಬೆಟ್ಟದ ಸುತ್ತಲಿನ ಜನರ ಶಂಕೆಗಳನ್ನು ಅವರದೇ ಭಾಷೆಯಲ್ಲಿ, ತಾಳ್ಮೆಯಿಂದ ನಿವಾರಿಸುವುದು ವಿಜ್ಞಾನಿಗಳ ಕರ್ತವ್ಯ. ಅದನ್ನು ಅಡ್ಡಿಯೆಂದು ಎಣಿಸಲಾಗದು.

ಕಠಿಣವಾದ ಎಡೆಗಳಲ್ಲಿ ಪ್ರಯೋಗ ನಡೆಸಲು ಕೇವಲ ಸಾಹಸ ಸಾಲದು. ನೆಲೆ ಬೇಕು, ನಿರಂತರತೆ ಬೇಕು. ಸಣ್ಣ ಊರಿನ ಕಾಲೇಜಿನಲ್ಲಿ ಭೌತಶಾಸ್ತ್ರ ಬೋಧಿಸುವ ನಾವು ಕೋಲಾರದ ಸಾಧನೆಯನ್ನು ಹೆಮ್ಮೆಯಿಂದ ಹೇಳುತ್ತೇವೆ. ಆದರೆ ಮುಂದೆ ಎಲ್ಲಿಗೆ ಹೋಗಬೇಕೆಂದು ವಿದ್ಯಾರ್ಥಿಯು ಕೇಳಿದರೆ, ಕೇವಲ ಪರದೇಶದ ಹೆಸರುಗಳನ್ನೇ ಹೇಳುವ ಸ್ಥಿತಿ ನಮಗೆ ಬರಬಾರದು.